ವಾಷಿಂಗ್ಟನ್ ರಾಜ್ಯದಲ್ಲಿ ಎಲ್ಲಿರ್ಬೇಕು: ಕ್ಯಾಸ್ಕೇಡ್ ಬೆಟ್ಟದ ಈ ಕಡೆನಾ, ಆ ಕಡೆನಾ?

ವಾಷಿಂಗ್ಟನ್ ಸ್ಟೇಟ್‌ಗೆ ಬರ್ತಿದೀವಿ, ಮಳೆ ಜಾಸ್ತಿ ಅಂತೆ, ಮನೆ ಎಲ್ಲಿ ನೋಡ್ಬೇಕು, ಅಪ್ಪ ಅಮ್ಮನ್ನ ಯಾವ ತಿಂಗಳು ಕರೆಸ್ಬೇಕು, ಒಂದು ವಾರ ರಜ ಇದೆ ಎಲ್ಲಿ ಸುತ್ತಬೇಕು ಅಂತ ಕೇಳೋರೆಲ್ಲಾ ಕೊನೆಗೆ ಬಂದು ನಿಲ್ಲೋದು ಒಂದೇ ಪ್ರಶ್ನೆಗೆ, ಕ್ಯಾಸ್ಕೇಡ್ ಬೆಟ್ಟಸಾಲಿನ ಪಶ್ಚಿಮಕ್ಕಾ ಪೂರ್ವಕ್ಕಾ ಅಂತ. ಪಶ್ಚಿಮದ ಸಿಯಾಟಲ್ ಒಳ್ಳೇದಾ ಪೂರ್ವದ ಸ್ಪೋಕ್ಯಾನ್ ಒಳ್ಳೇದಾ ಅಂತ ಊರೂರು ಹೋಲಿಸೋಕೆ ಮುಂಚೆ ಈ ಬೆಟ್ಟ ಏನು ಮಾಡತ್ತೆ ಅಂತ ತಿಳ್ಕೊಂಡ್ರೆ ಮುಕ್ಕಾಲು ಉತ್ತರ ಅಲ್ಲೇ ಸಿಗತ್ತೆ, ಯಾಕಂದ್ರೆ ಮಳೆ, ಬೆಳೆ, ಕೆಲಸ, ಬಾಡಿಗೆ, ಬೆಂಕಿ ಭಯ, ಭೂಕಂಪದ ಭಯ, ಅಷ್ಟೇ ಅಲ್ಲ ಇತಿಹಾಸ ಕೂಡ ಆ ಬೆಟ್ಟದ ಎರಡು ಕಡೆ ಬೇರೆ ಬೇರೆ ಇದೆ.

ಮೊದಲು ಅಂದಾಜಿಗೆ ಸ್ವಲ್ಪ ಲೆಕ್ಕ. ಇದು ರಾಜಧಾನಿ ವಾಷಿಂಗ್ಟನ್ ಡಿಸಿ ಅಲ್ಲ, ಅದು ದೇಶದ ಆ ತುದಿ, ಇದು ಈ ತುದಿ, ವಾಯವ್ಯ ಮೂಲೆ. ಮೇಲೆ ಕೆನಡಾ, ಕೆಳಗೆ ಒರೆಗಾನ್, ಪೂರ್ವಕ್ಕೆ ಐಡಾಹೊ, ಪಶ್ಚಿಮಕ್ಕೆ ಪೆಸಿಫಿಕ್ ಸಾಗರ. ವಿಸ್ತೀರ್ಣ ಸುಮಾರು 1,84,600 ಚದರ ಕಿಲೋಮೀಟರ್, ನಮ್ಮ ಕರ್ನಾಟಕ 1,91,791, ಹೆಚ್ಚುಕಡಿಮೆ ಒಂದೇ ಸೈಜ್. ಜನ ಮಾತ್ರ 2020ರ ಜನಗಣತಿ ಪ್ರಕಾರ 77 ಲಕ್ಷ, ಬೆಂಗಳೂರು ಒಂದರಲ್ಲೇ ಇದಕ್ಕಿಂತ ಜಾಸ್ತಿ ಜನ ಇದಾರೆ. ಈ 77 ಲಕ್ಷದಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಕಿಂಗ್, ಪಿಯರ್ಸ್, ಸ್ನೊಹೋಮಿಶ್ ಅನ್ನೋ ಮೂರೇ ಕೌಂಟಿಗಳಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ), ಅಂದ್ರೆ ಸಿಯಾಟಲ್, ಟಕೋಮಾ, ಬೆಲ್ವ್ಯೂ, ಎವರೆಟ್ ಸುತ್ತಮುತ್ತ ತುಂಬ್ಕೊಂಡಿದಾರೆ. ಉಳಿದ 36 ಕೌಂಟಿಗಳಲ್ಲಿ ಎಷ್ಟು ಜಾಗ ಖಾಲಿ ಇರತ್ತೆ ಅಂತ ಪೂರ್ವದ ಕಡೆ ಒಂದು ಸಲ ಕಾರಲ್ಲಿ ಹೋದ್ರೆ ಗೊತ್ತಾಗತ್ತೆ, ಮೈಲಿಗಟ್ಟಲೆ ಒಂದು ಮನೆ ಕಾಣಲ್ಲ.

ಈಗ ಬೆಟ್ಟದ ವಿಷಯ. ಪಶ್ಚಿಮ ಘಟ್ಟ ನೋಡಿದವರಿಗೆ ಇದನ್ನ ವಿವರಿಸೋದು ಸುಲಭ, ಆಗುಂಬೆಲಿ ಸುರಿದು ಚಿತ್ರದುರ್ಗಕ್ಕೆ ಬರೋ ಹೊತ್ತಿಗೆ ಮೋಡ ಬರಿದಾಗತ್ತಲ್ಲ, ಅದೇ ಇಲ್ಲೂ ಆಗೋದು. ಪೆಸಿಫಿಕ್‌ನಿಂದ ಬರೋ ತೇವದ ಗಾಳಿ ಮೊದಲು ಒಲಿಂಪಿಕ್ ಬೆಟ್ಟಕ್ಕೆ ಬಡಿಯತ್ತೆ, ಅಲ್ಲಿನ ಹೋ ಮಳೆಕಾಡಲ್ಲಿ ವರ್ಷಕ್ಕೆ ಸುಮಾರು 140 ಇಂಚು ಮಳೆ. ಅದೇ ಬೆಟ್ಟದ ಈಶಾನ್ಯ ಮಗ್ಗುಲಲ್ಲಿರೋ ಸ್ಕ್ವಿಮ್ ಅನ್ನೋ ಚಿಕ್ಕ ಊರಲ್ಲಿ 16 ಇಂಚು ಅಷ್ಟೇ, ಲ್ಯಾವೆಂಡರ್ ಬೆಳೀತಾರೆ ಅಲ್ಲಿ. ಆಮೇಲೆ ಗಾಳಿ ಪ್ಯೂಜೆಟ್ ಸೌಂಡ್ ಅನ್ನೋ ಒಳಗಡಲ ಮೇಲೆ ಹಾದು ಸಿಯಾಟಲ್‌ಗೆ 38-39 ಇಂಚು ಕೊಟ್ಟು ಕ್ಯಾಸ್ಕೇಡ್ ಹತ್ತತ್ತೆ, ಹತ್ತೋವಾಗ ಉಳಿದಿದ್ದೆಲ್ಲಾ ಹಿಮವಾಗಿ ಸುರಿಸಿಬಿಡತ್ತೆ. ಉತ್ತರದ ಮೌಂಟ್ ಬೇಕರ್ ಸ್ಕೀ ಜಾಗದಲ್ಲಿ 1998-99ರ ಒಂದೇ ಸೀಸನ್‌ನಲ್ಲಿ 1,140 ಇಂಚು ಹಿಮ ಬಿದ್ದಿತ್ತು, 95 ಅಡಿ, ದಾಖಲೆ ಅದು. ಬೆಟ್ಟ ಇಳಿದು ಯಾಕಿಮಾ ಕಣಿವೆಗೆ ಬಂದ್ರೆ ವರ್ಷಕ್ಕೆ 8 ಇಂಚು. ಹೌದು, ಎಂಟೇ. ಸಿಯಾಟಲ್‌ನಿಂದ ಕಾರಲ್ಲಿ ಎರಡೂಕಾಲು ಗಂಟೆ ದೂರ, 140 ಮೈಲಿ. ಇನ್ನೂ ಪೂರ್ವಕ್ಕೆ ಹೋದ್ರೆ ನೆಲ ಮತ್ತೆ ನಿಧಾನಕ್ಕೆ ಏರತ್ತೆ, ಸ್ಪೋಕ್ಯಾನ್‌ನಲ್ಲಿ 16-17 ಇಂಚಾಗತ್ತೆ, ಪೈನ್ ಮರಗಳು ಮತ್ತೆ ಶುರುವಾಗ್ತವೆ.

ಸಿಯಾಟಲ್ ಮಳೆ ಬಗ್ಗೆ ಹೆದರಿಸೋರು ತುಂಬಾ, ಆದ್ರೆ ನೋಡಿ, ಅಲ್ಲಿ ವರ್ಷಕ್ಕೆ ಬೀಳೋದು ಸಾವಿರ ಮಿಲಿಮೀಟರ್ ಹತ್ರ, ಬೆಂಗಳೂರಲ್ಲೂ ಸುಮಾರು ಅಷ್ಟೇ ಬೀಳೋದು. ವ್ಯತ್ಯಾಸ ಏನಂದ್ರೆ ನಮ್ಮಲ್ಲಿ ಧೋ ಅಂತ ಸುರಿದು ಎರಡು ಗಂಟೆಲಿ ಬಿಸಿಲು ಬರತ್ತೆ, ಅಲ್ಲಿ ಅಷ್ಟೇ ನೀರನ್ನ ಸುಮಾರು 150 ದಿನಕ್ಕೆ ಹಂಚಿ ಜಿಟಿಜಿಟಿ ಅಂತ ಉದುರಿಸತ್ತೆ, ಮತ್ತೆ ಕಾಲ ಪೂರ್ತಿ ಉಲ್ಟಾ, ಅಲ್ಲಿ ಜುಲೈ ಆಗಸ್ಟ್ ಒಣ ತಿಂಗಳು, ನವೆಂಬರ್‌ನಿಂದ ಜನವರಿ ಜೋರು ಮಳೆಗಾಲ. ಹಾಗಾಗಿ ಮಳೆಗೆ ಹೆದರಬೇಡಿ, ಹುಡ್ ಇರೋ ಒಂದು ಒಳ್ಳೆ ಜಾಕೆಟ್ ಸಾಕು, ಲೋಕಲ್ ಜನ ಹೆಚ್ಚಿನವರು ಛತ್ರಿ ಹಿಡಿಯೋದೇ ಇಲ್ಲ. ನಿಜವಾಗಿ ಯೋಚ್ನೆ ಮಾಡ್ಬೇಕಾಗಿರೋದು ಕತ್ತಲೆ ಬಗ್ಗೆ. ಸಿಯಾಟಲ್ 47 ಡಿಗ್ರಿ ಉತ್ತರದಲ್ಲಿದೆ, ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟರ ಹತ್ರ ಸೂರ್ಯ ಬಂದು ಸಾಯಂಕಾಲ 4:20ಕ್ಕೆ ಮುಳುಗ್ತಾನೆ, ಅದರ ಮೇಲೆ ಮೋಡ. ವಾರಗಟ್ಟಲೆ ಬಿಸಿಲು ಮುಖ ನೋಡದೆ ಇದ್ದು ಮನಸ್ಸು ಕುಗ್ಗೋರನ್ನ ತುಂಬಾ ನೋಡಿದೀನಿ, ಅದ್ರಲ್ಲೂ ಮನೇಲೇ ಇರೋರಿಗೆ, ಹೊಸದಾಗಿ ಮದುವೆಯಾಗಿ ಡಿಪೆಂಡೆಂಟ್ ವೀಸಾದಲ್ಲಿ ಬಂದೋರಿಗೆ ಇದು ಸಣ್ಣ ವಿಷಯ ಅಲ್ಲ. ವಿಟಮಿನ್ ಡಿ ಚೆಕ್ ಮಾಡಿಸಿ, ಮಧ್ಯಾಹ್ನ ಒಂದು ಸುತ್ತು ಹೊರಗೆ ಹೋಗೋದು ಬಿಡಬೇಡಿ, ಫೆಬ್ರವರಿಲಿ ಒಂದು ವೀಕೆಂಡ್ ಬೆಟ್ಟ ದಾಟಿ ಬಿಸಿಲಿಗೆ ಹೋಗಿ ಬನ್ನಿ. ಇದಕ್ಕೆ ಪ್ರತಿಯಾಗಿ ಜೂನ್ ಕೊನೇಲಿ ರಾತ್ರಿ ಒಂಬತ್ತು ದಾಟಿದ್ರೂ ಬೆಳಕಿರತ್ತೆ, 75-80 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 24-27 ಸೆಲ್ಸಿಯಸ್, ಸೆಖೆ ಇಲ್ಲ, ಎದುರಿಗೆ 14,410 ಅಡಿಯ ಮೌಂಟ್ ರೇನಿಯರ್ ಹಿಮ ಹೊತ್ಕೊಂಡು ನಿಂತಿರತ್ತೆ. ಆ ಮೂರು ತಿಂಗಳಿಗೆ ಅಮೆರಿಕದಲ್ಲಿ ಇದಕ್ಕೆ ಸಮ ಇನ್ನೊಂದು ಜಾಗ ಇಲ್ಲ ಅಂತಾನೆ ನಾನು ಹೇಳೋದು.

ಪೂರ್ವದ ಕಡೆ ಹವಾಮಾನ ಇದಕ್ಕೆ ತದ್ವಿರುದ್ಧ. ಬಿಸಿಲು ಹೇರಳವಾಗಿ ಇರತ್ತೆ, ಆದ್ರೆ ಚಳಿ ಅಂದ್ರೆ ನಿಜವಾದ ಚಳಿ, ಸೆಖೆ ಅಂದ್ರೆ ನಿಜವಾದ ಸೆಖೆ. ಸ್ಪೋಕ್ಯಾನ್‌ನಲ್ಲಿ ಜನವರಿ ಮಧ್ಯಾಹ್ನ ಕೂಡ ಸೊನ್ನೆ ಸೆಲ್ಸಿಯಸ್ ಆಸುಪಾಸು, ಒಂದು ಚಳಿಗಾಲಕ್ಕೆ ಸರಾಸರಿ 45 ಇಂಚು ಹಿಮ, ಬೆಳಿಗ್ಗೆ ಎದ್ದು ಡ್ರೈವ್‌ವೇ ಕ್ಲೀನ್ ಮಾಡೋದು ದಿನಚರಿ ಆಗ್ಬಿಡತ್ತೆ. ಸಿಯಾಟಲ್‌ನಲ್ಲಿ ವರ್ಷಕ್ಕೆ ಐದಾರು ಇಂಚು ಬಿದ್ರೆ ಹೆಚ್ಚು, ಅಷ್ಟು ಬಿದ್ರೂ ಗುಡ್ಡದ ರಸ್ತೆಗಳು ಸ್ತಬ್ಧ. ಇನ್ನು ಬೇಸಿಗೆಲಿ ಯಾಕಿಮಾ, ರಿಚ್‌ಲ್ಯಾಂಡ್ ಕಡೆ 90 ಫ್ಯಾರನ್‌ಹೀಟ್ ಮಾಮೂಲಿ, ಆದ್ರೆ ಗಾಳಿ ಒಣ ಇರೋದ್ರಿಂದ ರಾತ್ರಿ ತಂಪಾಗತ್ತೆ. 2021ರ ಜೂನ್ ಕೊನೇಲಿ ಬಂದ ಬಿಸಿಗಾಳಿಲಿ ಸಿಯಾಟಲ್ 108 ಮುಟ್ತು, 42 ಸೆಲ್ಸಿಯಸ್, ಪೂರ್ವದ ಹ್ಯಾನ್‌ಫರ್ಡ್ 120, ಅಂದ್ರೆ 49, ರಾಜ್ಯದ ದಾಖಲೆ. ಆದ್ರೂ ಕಷ್ಟ ಹೆಚ್ಚಾಗಿದ್ದು ಸಿಯಾಟಲ್ ಕಡೆಯವರಿಗೆ, ಯಾಕಂದ್ರೆ ಪೂರ್ವದಲ್ಲಿ ಮನೆಗೆ ಏಸಿ ಇರೋದು ರೂಢಿ, ಪಶ್ಚಿಮದ ಹಳೇ ಅಪಾರ್ಟ್‌ಮೆಂಟ್‌ಗಳಲ್ಲಿ ಇರಲ್ಲ. ಈಗ ಸಿಯಾಟಲ್ ಕಡೆ ಮನೆ ಬಾಡಿಗೆಗೆ ನೋಡೋರು ಏಸಿ ಇದೆಯಾ ಅಂತ ಕೇಳ್ಲೇಬೇಕು, ಮೇಲಿನ ಮಹಡಿ ಆದ್ರಂತೂ ಖಂಡಿತ.

ಎಂಟು ಇಂಚು ಮಳೆ ಬೀಳೋ ಜಾಗದಲ್ಲಿ ಏನು ಬೆಳೆಯತ್ತೆ ಅಂತ ಅನ್ಕೋಬೇಡಿ. ನಮ್ಮೂರ ಹಣ್ಣಿನಂಗಡಿಲಿ ಸ್ಟಿಕ್ಕರ್ ಅಂಟಿಸ್ಕೊಂಡು ಕೂತಿರೋ ವಾಷಿಂಗ್ಟನ್ ಆಪಲ್ ಬರೋದೇ ಈ ಒಣ ಕಡೆಯಿಂದ, ವೆನಾಚಿ ಮತ್ತೆ ಯಾಕಿಮಾ ಕಣಿವೆಗಳಿಂದ. ಅಮೆರಿಕದ ಆಪಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ರಾಜ್ಯದ್ದು. ಕಾರಣ ಸರಳ, ಹಗಲು ಬಿಸಿಲು, ರಾತ್ರಿ ತಂಪು, ಎಲೆ ಒಣಗಿರೋದ್ರಿಂದ ರೋಗ ಕಡಿಮೆ, ಕೆಳಗೆ ಜ್ವಾಲಾಮುಖಿ ಮಣ್ಣು, ನೀರು ಮಾತ್ರ ನದಿಯಿಂದ ಬರ್ಬೇಕು. ಆ ನೀರು ಕೊಡೋದು ಕ್ಯಾಸ್ಕೇಡ್ ಹಿಮ ಕರಗಿ ಇಳಿಯೋ ಹೊಳೆಗಳು, ಇನ್ನೂ ಪೂರ್ವಕ್ಕೆ ಹೋದ್ರೆ ಕೊಲಂಬಿಯಾ ನದಿ. 2019ರಲ್ಲಿ ಭಾರತ ಅಮೆರಿಕದ ಸುಂಕಕ್ಕೆ ಉತ್ತರವಾಗಿ ಆಪಲ್ ಮೇಲಿನ ತೆರಿಗೆ 50ರಿಂದ 70 ಪರ್ಸೆಂಟ್‌ಗೆ ಏರಿಸ್ತು, ಕಡಲೆ, ಚನ್ನಂಗಿ ಬೇಳೆ ಮೇಲೂ ಹಾಕ್ತು, 2023ರಲ್ಲಿ ಆ ಹೆಚ್ಚುವರಿ ತೆಗೀತು. ದೆಹಲಿಲಿ ತಗೊಂಡ ಆ ತೀರ್ಮಾನದ ಪೆಟ್ಟು ನೇರ ಬಿದ್ದಿದ್ದು ಯಾಕಿಮಾದ ತೋಟದವರ ಮೇಲೆ, ಪಲೂಸ್‌ನ ಬೇಳೆ ರೈತರ ಮೇಲೆ. ಪಲೂಸ್ ಅಂದ್ರೆ ಆಗ್ನೇಯ ಮೂಲೆಲಿ, ಪುಲ್‌ಮನ್ ಸುತ್ತ ಇರೋ ಏರಿಳಿತದ ಗೋಧಿ ಗುಡ್ಡಗಳು, ಗಾಳಿ ಹೊತ್ತು ತಂದ ಸಣ್ಣ ಮಣ್ಣು ಲಕ್ಷಾಂತರ ವರ್ಷ ಕೂತು ಆದ ಗುಡ್ಡ. ಅಲ್ಲಿ ನೀರಾವರಿ ಇಲ್ಲದೇನೆ ಗೋಧಿ, ಚನ್ನಂಗಿ ಬೇಳೆ, ಕಾಬೂಲ್ ಕಡಲೆ ಬೆಳೀತಾರೆ, ಪುಲ್‌ಮನ್‌ನಲ್ಲಿ ಬೇಳೆ ಹೆಸರಲ್ಲಿ ಒಂದು ಹಬ್ಬಾನೇ ಮಾಡ್ತಾರೆ ಆಗಸ್ಟ್‌ನಲ್ಲಿ.

ಈ ಕೊಲಂಬಿಯಾ ನದಿ ಮೇಲಿನ ಗ್ರ್ಯಾಂಡ್ ಕೂಲಿ ಡ್ಯಾಮ್ ಬಗ್ಗೆ ಹೇಳ್ಲೇಬೇಕು. 1933ರಲ್ಲಿ ಶುರು ಮಾಡಿ 1942ರಲ್ಲಿ ಮುಗಿಸಿದ್ರು, ಇವತ್ತಿಗೂ ಅಮೆರಿಕದ ಅತಿ ದೊಡ್ಡ ವಿದ್ಯುತ್ ಕೇಂದ್ರ, 6,800 ಮೆಗಾವ್ಯಾಟ್ ಸಾಮರ್ಥ್ಯ. ಲಕ್ಷಾಂತರ ಎಕರೆ ಒಣ ಭೂಮಿ ಹಸಿರಾಗಿದ್ದು ಇದರಿಂದ. ಆದ್ರೆ ಮೀನು ಹತ್ತೋಕೆ ಏಣಿ ಕಟ್ಟಲಿಲ್ಲ, ಅಲ್ಲಿಂದ ಮೇಲಕ್ಕೆ ಸಾಮನ್ ಮೀನು ಹೋಗೋದು ನಿಂತೇ ಹೋಯ್ತು, ಮೂಲನಿವಾಸಿಗಳು ಸಾವಿರಾರು ವರ್ಷ ಮೀನು ಹಿಡೀತಿದ್ದ ಕೆಟಲ್ ಫಾಲ್ಸ್ ನೀರಲ್ಲಿ ಮುಳುಗ್ತು. ಮುಳುಗೋ ಮುಂಚೆ 1940ರಲ್ಲಿ ಹಲವು ಬುಡಕಟ್ಟಿನವರು ಒಟ್ಟಾಗಿ ಸೇರಿ ಆ ಜಲಪಾತಕ್ಕೆ ಅಳ್ತಾ ವಿದಾಯ ಹೇಳಿದ್ರು. ಡ್ಯಾಮ್ ನೋಡೋಕೆ ಹೋಗೋರು ಎತ್ತರ ಉದ್ದ ನೋಡಿ ಬಂದುಬಿಡ್ತಾರೆ, ಈ ಕಥೆನೂ ಓದ್ಕೊಂಡು ಹೋಗಿ ಅಂತ ನನ್ನ ಕೋರಿಕೆ.

ಪ್ರವಾಸಕ್ಕೆ ಮಾತ್ರ ಅಂತಿದ್ರೆ, ನೆಲ ಹೇಗಾಯ್ತು ಅನ್ನೋದ್ರಲ್ಲಿ ಆಸಕ್ತಿ ಇದ್ರೆ, ನಾನು ಪೂರ್ವಕ್ಕೇ ಓಟು ಹಾಕೋದು. ಎಲ್ಲರೂ ಮಳೆಕಾಡು, ರೇನಿಯರ್ ಅಂತ ಓಡ್ತಾರೆ, ಅವು ಚೆನ್ನಾಗಿಲ್ಲ ಅಂತಲ್ಲ, ಆದ್ರೆ ಪೂರ್ವದಲ್ಲಿ ನಡೆದಿರೋದು ಭೂಮಿ ಮೇಲೆ ಎಲ್ಲೂ ಸುಲಭಕ್ಕೆ ಕಾಣಸಿಗಲ್ಲ. ಸುಮಾರು 1.7 ಕೋಟಿ ವರ್ಷದ ಹಿಂದೆ ಶುರುವಾಗಿ ನೆಲ ಬಿರಿದು ಲಾವಾ ಹರಿದು ಹರಿದು ಪದರ ಪದರವಾಗಿ ಕಪ್ಪು ಬಸಾಲ್ಟ್ ಕಲ್ಲಾಯ್ತು, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ಕೆಳಗಿರೋದೂ ಇದೇ ಜಾತಿ ಕಲ್ಲು, ಅದು ಇನ್ನೂ ಹಳೇದು, 6.6 ಕೋಟಿ ವರ್ಷದ್ದು. ಆಮೇಲೆ ಹಿಮಯುಗದ ಕೊನೇಲಿ, ಸುಮಾರು 15,000 ವರ್ಷದ ಹಿಂದೆ, ಪಕ್ಕದ ಐಡಾಹೊದಲ್ಲಿ ಹಿಮನದಿ ಅಡ್ಡ ಕಟ್ಟಿ ಅದರಾಚೆಯ ಮೊಂಟಾನಾದಲ್ಲಿ ದೊಡ್ಡ ಸರೋವರ ನಿಂತಿತ್ತು, ಮಿಸೌಲಾ ಸರೋವರ ಅಂತ, ಆ ಹಿಮದ ಕಟ್ಟೆ ಒಡೆದು ಅಷ್ಟೂ ನೀರು ಕೆಲವೇ ದಿನದಲ್ಲಿ ಪೂರ್ವ ವಾಷಿಂಗ್ಟನ್ ಮೇಲೆ ನುಗ್ಗಿತು, ಒಂದು ಸಲ ಅಲ್ಲ, ಮತ್ತೆ ಮತ್ತೆ. ಮಣ್ಣು ಕಿತ್ಕೊಂಡು ಹೋಯ್ತು, ಗಟ್ಟಿ ಬಸಾಲ್ಟನ್ನೇ ಕೊರೆದು ಕಣಿವೆ ಮಾಡ್ತು. ಇದಕ್ಕೆ ಸಾಕ್ಷಿ ಡ್ರೈ ಫಾಲ್ಸ್, 400 ಅಡಿ ಎತ್ತರ, ಮೂರೂವರೆ ಮೈಲಿ ಅಗಲದ ಜಲಪಾತದ ಬಂಡೆ, ನಯಾಗರಾದ ಎರಡು ಪಟ್ಟಿಗಿಂತ ಎತ್ತರ, ನೀರೇ ಇಲ್ಲ ಈಗ. ಜೆ ಹಾರ್ಲನ್ ಬ್ರೆಟ್ಜ್ ಅನ್ನೋ ಭೂವಿಜ್ಞಾನಿ 1920ರ ದಶಕದಲ್ಲಿ ಇದೆಲ್ಲಾ ಒಂದು ಮಹಾಪ್ರವಾಹದ ಕೆಲಸ ಅಂತ ಬರೆದಾಗ ದೊಡ್ಡ ದೊಡ್ಡವರೆಲ್ಲಾ ಒಪ್ಪಲಿಲ್ಲ, ಅಷ್ಟು ನೀರು ಎಲ್ಲಿಂದ ಬಂತು ಅಂತ ತಳ್ಳಿಹಾಕಿದ್ರು, ಕೊನೆಗೆ 1979ರಲ್ಲಿ, ತೊಂಬತ್ತು ದಾಟಿದ ವಯಸ್ಸಲ್ಲಿ, ಅವರಿಗೆ ಭೂವಿಜ್ಞಾನದ ದೊಡ್ಡ ಗೌರವ ಪೆನ್ರೋಸ್ ಪದಕ ಸಿಕ್ತು. ಡ್ರೈ ಫಾಲ್ಸ್ ಅಂಚಲ್ಲಿ ನಿಂತು ಕೆಳಗೆ ನೋಡಿದ್ರೆ ಅವರು ಯಾಕೆ ಅಷ್ಟು ಹಠ ಹಿಡಿದ್ರು ಅಂತ ಅರ್ಥ ಆಗತ್ತೆ.

ಇತಿಹಾಸದಲ್ಲೂ ಎರಡು ಕಡೆ ಎರಡು ದಾರಿ. ಪಶ್ಚಿಮಕ್ಕೆ ಜನ ಬಂದಿದ್ದು ಹಡಗಲ್ಲಿ, 1792ರಲ್ಲಿ ಬ್ರಿಟಿಷ್ ಕ್ಯಾಪ್ಟನ್ ವ್ಯಾಂಕೂವರ್ ಬಂದು ಪ್ಯೂಜೆಟ್ ಸೌಂಡ್, ರೇನಿಯರ್ ಅಂತೆಲ್ಲಾ ಹೆಸರಿಟ್ಟು ಹೋದ, ಪೂರ್ವಕ್ಕೆ ಬಂದಿದ್ದು ತುಪ್ಪಳ ವ್ಯಾಪಾರಿಗಳು, ಕ್ರೈಸ್ತ ಮಿಷನರಿಗಳು, ಆಮೇಲೆ ರೈಲು. 1846ರ ಒಪ್ಪಂದದಲ್ಲಿ ಬ್ರಿಟನ್ ಜೊತೆ 49ನೇ ಅಕ್ಷಾಂಶ ಗಡಿ ಆಯ್ತು, 1853ರಲ್ಲಿ ಒರೆಗಾನ್‌ನಿಂದ ಬೇರೆ ಮಾಡಿ ವಾಷಿಂಗ್ಟನ್ ಟೆರಿಟರಿ, ಅಂದ್ರೆ ಇನ್ನೂ ರಾಜ್ಯ ಆಗದ ಪ್ರಾಂತ್ಯ, ಮಾಡಿದ್ರು. ಮೊದಲ ಗವರ್ನರ್ ಐಸಾಕ್ ಸ್ಟೀವನ್ಸ್ 1854-55ರಲ್ಲಿ ಮೂಲನಿವಾಸಿಗಳ ಜೊತೆ ಅವಸರ ಅವಸರವಾಗಿ ಒಪ್ಪಂದಗಳಿಗೆ ಸಹಿ ಹಾಕಿಸ್ಕೊಂಡು ಕೋಟ್ಯಂತರ ಎಕರೆ ಭೂಮಿ ತಗೊಂಡ, ಬದಲಿಗೆ ಅವರ ಹಳೇ ಜಾಗಗಳಲ್ಲಿ ಮೀನು ಹಿಡಿಯೋ ಹಕ್ಕು ಉಳಿಸ್ತೀವಿ ಅಂತ ಬರೆದ್ರು, ಆ ಮಾತು ಉಳಿಸ್ಕೊಳ್ಳೋಕೆ 1974ರಲ್ಲಿ ನ್ಯಾಯಾಧೀಶ ಬೋಲ್ಟ್ ಕೊಟ್ಟ ತೀರ್ಪು ಬೇಕಾಯ್ತು, ಹಿಡಿಯಬಹುದಾದ ಮೀನಲ್ಲಿ ಅರ್ಧ ಪಾಲು ಬುಡಕಟ್ಟಿನವರದ್ದು ಅಂತ. ಸಿಯಾಟಲ್ ಅನ್ನೋ ಹೆಸರೇ ಡುವಾಮಿಶ್, ಸುಕ್ವಾಮಿಶ್ ಜನರ ನಾಯಕನದ್ದು.

1889 ಈ ರಾಜ್ಯಕ್ಕೆ ವಿಚಿತ್ರ ವರ್ಷ. ಜೂನ್ 6ಕ್ಕೆ ಸಿಯಾಟಲ್ ಪೇಟೆ ಸುಟ್ಟು ಬೂದಿಯಾಯ್ತು, ಜುಲೈ 4ಕ್ಕೆ ಬೆಟ್ಟದ ಆ ಕಡೆಯ ಎಲೆನ್ಸ್‌ಬರ್ಗ್, ಆಗಸ್ಟ್ 4ಕ್ಕೆ ಸ್ಪೋಕ್ಯಾನ್. ಮರದ ಊರುಗಳೆಲ್ಲಾ ಹೋಗಿ ಇಟ್ಟಿಗೆ ಊರುಗಳಾದ್ವು, ಅದೇ ವರ್ಷ ನವೆಂಬರ್ 11ಕ್ಕೆ 42ನೇ ರಾಜ್ಯವಾಗಿ ಸೇರ್ಪಡೆ. ಸಿಯಾಟಲ್‌ನ ಪಯೊನೀರ್ ಸ್ಕ್ವೇರ್, ಸ್ಪೋಕ್ಯಾನ್‌ನ ಹಳೇ ಪೇಟೆ ಎರಡೂ ನೋಡಿದ್ರೆ ಒಂದೇ ಕಾಲದ ಇಟ್ಟಿಗೆ ಕಟ್ಟಡಗಳು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಆಮೇಲೆ ದಾರಿ ಬೇರೆಯಾಯ್ತು. ಸಿಯಾಟಲ್‌ಗೆ 1897ರ ಕೆನಡಾದ ಕ್ಲೊಂಡೈಕ್ ಚಿನ್ನದ ಹುಚ್ಚು, 1916ರಲ್ಲಿ ಬೋಯಿಂಗ್, 1962ರ ವರ್ಲ್ಡ್ ಫೇರ್ ಜೊತೆ ಸ್ಪೇಸ್ ನೀಡಲ್, 1979ರಲ್ಲಿ ಮೈಕ್ರೋಸಾಫ್ಟ್ ಬಂದು ಬೆಲ್ವ್ಯೂನಲ್ಲಿ ಕೂತು 1986ರಲ್ಲಿ ರೆಡ್ಮಂಡ್‌ಗೆ ಹೋಯ್ತು, 1994ರಲ್ಲಿ ಅಮೆಜಾನ್. ನಮ್ಮವರು ಇಷ್ಟು ಜನ ಇಲ್ಲಿರೋದಕ್ಕೆ ಕೊನೆಯ ಎರಡು ಸಾಕು. ಪೂರ್ವಕ್ಕೆ 1943ರಲ್ಲಿ ಹ್ಯಾನ್‌ಫರ್ಡ್ ಬಂತು, ಅಣುಬಾಂಬಿಗೆ ಪ್ಲುಟೋನಿಯಂ ಮಾಡೋ ಗುಟ್ಟಿನ ಕಾರ್ಖಾನೆ, ಕೊಲಂಬಿಯಾದ ತಣ್ಣೀರು, ಗ್ರ್ಯಾಂಡ್ ಕೂಲಿ ಕರೆಂಟು, ಸುತ್ತ ಜನ ಇಲ್ಲದ ಬಯಲು, ಅದಕ್ಕೇ ಆ ಜಾಗ. ಇದ್ದ ಊರವರನ್ನ ಎಬ್ಬಿಸಿ ಕಳಿಸಿದ್ರು. ನಾಗಸಾಕಿ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ಇಲ್ಲಿಯದು. 177 ಟ್ಯಾಂಕುಗಳಲ್ಲಿ ಇಟ್ಟಿರೋ ವಿಷತ್ಯಾಜ್ಯ ಕ್ಲೀನ್ ಮಾಡೋ ಕೆಲಸ ಇನ್ನೂ ನಡೀತಿದೆ, ರಿಚ್‌ಲ್ಯಾಂಡ್ ಸುತ್ತ ಅಷ್ಟು ವಿಜ್ಞಾನಿ, ಇಂಜಿನಿಯರ್‌ಗಳು ಇರೋದೂ ಇದ್ರಿಂದಾನೇ.

ಭಾರತೀಯರು ತಿಳ್ಕೊಂಡಿರ್ಬೇಕಾದ ಒಂದು ಪುಟ ಪಶ್ಚಿಮದಲ್ಲಿದೆ. 1907ರ ಸೆಪ್ಟೆಂಬರ್ 4ರ ರಾತ್ರಿ ಕೆನಡಾ ಗಡಿ ಹತ್ರದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಮರದ ಮಿಲ್ಲುಗಳಲ್ಲಿ ಕೆಲಸ ಮಾಡ್ತಿದ್ದ ಭಾರತೀಯರನ್ನ, ಹೆಚ್ಚಿನವರು ಪಂಜಾಬಿ ಸಿಖ್ಖರು, ನೂರಾರು ಬಿಳಿಯರ ಗುಂಪು ಮನೆಗಳಿಗೆ ನುಗ್ಗಿ ಹೊಡೆದು ಓಡಿಸ್ತು, ಕೆಲವೇ ದಿನದಲ್ಲಿ ಊರಲ್ಲಿ ಒಬ್ಬರೂ ಉಳೀಲಿಲ್ಲ. ಟಕೋಮಾದಲ್ಲಿ 1885ರಲ್ಲಿ ಚೀನೀಯರಿಗೂ ಹೀಗೇ ಮಾಡಿದ್ರು. ಭಗತ್ ಸಿಂಗ್ ಥಿಂಡ್ ಅನ್ನೋ ಸೈನಿಕರಿಗೆ 1918ರಲ್ಲಿ ಇದೇ ರಾಜ್ಯದಲ್ಲಿ ಪೌರತ್ವ ಕೊಟ್ಟು ನಾಲ್ಕು ದಿನಕ್ಕೆ ವಾಪಸ್ ತಗೊಂಡ್ರು, ಒರೆಗಾನ್‌ನಲ್ಲಿ ಮತ್ತೆ ಪಡೆದ ಪೌರತ್ವದ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1923ರಲ್ಲಿ ಭಾರತೀಯರಿಗೆ ಆ ಹಕ್ಕಿಲ್ಲ ಅಂತ ತೀರ್ಪಾಯ್ತು. 2018ರಲ್ಲಿ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಆ ನೆನಪಿಗೆ ಒಂದು ಕಲ್ಲಿನ ಕಮಾನು ನಿಲ್ಲಿಸಿದಾರೆ, ಏಪ್ರಿಲ್‌ನಲ್ಲಿ ಸ್ಕ್ಯಾಜಿಟ್ ಕಣಿವೆ ಟ್ಯೂಲಿಪ್ ನೋಡೋಕೆ ಎಲ್ಲರೂ ಹೋಗ್ತೀರಲ್ಲ, ಅಲ್ಲಿಂದ ಇನ್ನು ಸ್ವಲ್ಪ ದೂರ ಅಷ್ಟೇ, ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸಿ.

ಅಪಾಯದ ಹೋಲಿಕೆನೂ ಮಾಡ್ಲೇಬೇಕು, ಮನೆ ಕೊಳ್ಳೋರು ಇದನ್ನ ಕೊನೆಗೆ ನೋಡ್ತಾರೆ, ಮೊದಲು ನೋಡ್ಬೇಕು. ಪಶ್ಚಿಮದಲ್ಲಿ ಭೂಕಂಪ. ಕರಾವಳಿಯಾಚೆ ಸಮುದ್ರದಡಿ ಒಂದು ಭೂಫಲಕ ಇನ್ನೊಂದರ ಕೆಳಗೆ ನುಸುಳ್ತಾ ಇದೆ, ಕೊನೇ ಸಲ ಅದು ಜಾರಿದ್ದು 1700ರ ಜನವರಿ 26ಕ್ಕೆ, 9ರ ಆಸುಪಾಸಿನ ತೀವ್ರತೆ, ತಾರೀಖು ಇಷ್ಟು ಸರಿಯಾಗಿ ಗೊತ್ತಿರೋದು ಜಪಾನ್‌ನವರು ಭೂಕಂಪ ಇಲ್ಲದೇ ಬಂದ ಸುನಾಮಿ ಅಂತ ಬರೆದಿಟ್ಟಿದ್ರಿಂದ. 2001ರ ಫೆಬ್ರವರಿಲಿ 6.8ರ ನಿಸ್ಕ್ವಾಲಿ ಭೂಕಂಪ ಆಗಿತ್ತು. ರೇನಿಯರ್ ಕೂಡ ಮಲಗಿರೋ ಜ್ವಾಲಾಮುಖಿ, ಸ್ಫೋಟಕ್ಕಿಂತ ಅದರಿಂದ ಇಳಿಯೋ ಕೆಸರಿನ ಪ್ರವಾಹ ಭಯ, ಬೆಟ್ಟದ ಬುಡದ ಆರ್ಟಿಂಗ್ ಊರಲ್ಲಿ ಶಾಲೆ ಮಕ್ಕಳಿಗೆ ಎತ್ತರದ ಜಾಗಕ್ಕೆ ನಡೆಯೋ ಡ್ರಿಲ್ ಮಾಡಿಸ್ತಾರೆ. ಪೂರ್ವದಲ್ಲಿ ಭೂಕಂಪದ ಭಯ ಕಡಿಮೆ, ಬೆಂಕಿ ಭಯ ಜಾಸ್ತಿ. 2020ರ ಸೆಪ್ಟೆಂಬರ್‌ನಲ್ಲಿ ಮಾಲ್ಡನ್ ಅನ್ನೋ ಪುಟ್ಟ ಊರು ಒಂದೇ ಮಧ್ಯಾಹ್ನದಲ್ಲಿ ಬಹುಪಾಲು ಸುಟ್ಟುಹೋಯ್ತು, 2023ರ ಆಗಸ್ಟ್‌ನಲ್ಲಿ ಸ್ಪೋಕ್ಯಾನ್ ಹತ್ರದ ಮೆಡಿಕಲ್ ಲೇಕ್‌ನಲ್ಲಿ ನೂರಾರು ಮನೆ ಹೋದ್ವು. ಹೊಗೆ ಮಾತ್ರ ಎರಡು ಕಡೆಗೂ ಬರತ್ತೆ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಗಾಳಿ ಯಾವ ಕಡೆ ಬೀಸತ್ತೆ ಅನ್ನೋದ್ರ ಮೇಲೆ. ಆಸ್ತಮಾ ಇರೋರು ಪೂರ್ವದ ಬೇಸಿಗೆ ಬಗ್ಗೆ ಎರಡು ಸಲ ಯೋಚ್ನೆ ಮಾಡಿ. 1980ರ ಮೇ 18ಕ್ಕೆ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದು 57 ಜನ ಸತ್ತಾಗ ಬೆಟ್ಟ ಇದ್ದಿದ್ದು ಪಶ್ಚಿಮಕ್ಕೆ ಹತ್ರ, ಬೂದಿ ಬಿದ್ದಿದ್ದೆಲ್ಲಾ ಪೂರ್ವಕ್ಕೆ, ಯಾಕಿಮಾದಲ್ಲಿ ಹಗಲಲ್ಲೇ ಕತ್ತಲಾಗಿ ಬೀದಿದೀಪ ಹತ್ಕೊಂಡಿದ್ವು.

ಇನ್ನು ಯಾರಿಗೆ ಯಾವ ಕಡೆ. ಟೆಕ್ ಕೆಲಸ ಅಂದ್ರೆ ಯೋಚ್ನೆ ಮಾಡೋದೇನಿಲ್ಲ, ಪಶ್ಚಿಮ. ಬೆಲ್ವ್ಯೂ, ರೆಡ್ಮಂಡ್, ಸಮಾಮಿಶ್, ಬಾಥೆಲ್ ಕಡೆ ನಮ್ಮವರು ತುಂಬಾ, ಬಾಥೆಲ್‌ನಲ್ಲಿ ದೇವಸ್ಥಾನ ಇದೆ, ರಾಗಿ ಹಿಟ್ಟಿಂದ ಹಿಡಿದು ಬ್ಯಾಡಗಿ ಮೆಣಸಿನಕಾಯಿ ತನಕ ಅಂಗಡಿಲಿ ಸಿಗತ್ತೆ, ಕನ್ನಡದವರು ಸೇರಿ ಹಬ್ಬ ಮಾಡ್ತಾರೆ. ಬಾಡಿಗೆ ಮಾತ್ರ ಎದೆ ಝಲ್ ಅನ್ನಿಸತ್ತೆ. ಪೂರ್ತಿ ಮನೆಯಿಂದ ಕೆಲಸ, ಆಫೀಸ್‌ಗೆ ಕರೆಯಲ್ಲ ಅಂತ ಬರಹದಲ್ಲಿ ಇದ್ರೆ ಸ್ಪೋಕ್ಯಾನ್ ನೋಡಿ, ಎರಡೂಕಾಲು ಲಕ್ಷ ಜನರ ಊರು, ನಡುವೆ ನದಿ, ಪೇಟೆ ಮಧ್ಯೆ ಜಲಪಾತ, 1974ರಲ್ಲಿ ವರ್ಲ್ಡ್ ಫೇರ್ ಮಾಡಿ ರೈಲ್ವೆ ಯಾರ್ಡನ್ನ ಪಾರ್ಕ್ ಮಾಡ್ಕೊಂಡ ಊರು, ಮನೆ ಬೆಲೆ ಸಿಯಾಟಲ್‌ಗಿಂತ ತುಂಬಾ ಕಡಿಮೆ, ಆದ್ರೆ ಕೆಲಸ ಹೋದ್ರೆ ಅಲ್ಲೇ ಇನ್ನೊಂದು ಸಿಗೋದು ಕಷ್ಟ, ವೀಸಾದಲ್ಲಿರೋರಿಗೆ ಇದು ದೊಡ್ಡ ಮಾತು, ನಾನಾದ್ರೆ ಗ್ರೀನ್ ಕಾರ್ಡ್ ಬರೋ ತನಕ ಪಶ್ಚಿಮ ಬಿಡಲ್ಲ. ವಿಜ್ಞಾನ, ಎನರ್ಜಿ, ನ್ಯೂಕ್ಲಿಯರ್ ಕ್ಷೇತ್ರದವರಿಗೆ ರಿಚ್‌ಲ್ಯಾಂಡ್, ಅಲ್ಲಿ ದೊಡ್ಡ ರಾಷ್ಟ್ರೀಯ ಪ್ರಯೋಗಾಲಯ ಇದೆ. ವ್ಯಾಂಕೂವರ್ ಅಂತ ಒಂದು ಊರು ದಕ್ಷಿಣ ಗಡಿಲೂ ಇದೆ, ಕೆನಡಾದ್ದಲ್ಲ, ನದಿ ಆಚೆ ಪೋರ್ಟ್‌ಲ್ಯಾಂಡ್, ಒರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ ಅಂತ ಶಾಪಿಂಗ್ ಅಲ್ಲಿ, ಮನೆ ಇಲ್ಲಿ ಅಂತ ಇರೋರಿದಾರೆ.

ಓದೋಕೆ ಬರೋ ಮಕ್ಕಳಿಗೆ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಸಿಯಾಟಲ್‌ನಲ್ಲಿ, 1861ರದ್ದು, ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿ ಪುಲ್‌ಮನ್‌ನಲ್ಲಿ, 1890ರದ್ದು, ಹೆಸರು ನೋಡಿ ಗೊಂದಲ ಮಾಡ್ಕೋಬೇಡಿ, ಎರಡರ ನಡುವೆ 280 ಮೈಲಿಗೂ ಹೆಚ್ಚು ದೂರ. ಕೃಷಿ, ವೆಟರ್ನರಿ, ಆಹಾರ ವಿಜ್ಞಾನ ಅಂದ್ರೆ ಪುಲ್‌ಮನ್ ಒಳ್ಳೆ ಜಾಗ, ಖರ್ಚೂ ಕಡಿಮೆ, ಊರು ಚಿಕ್ಕದು. ಪಾರ್ಟ್‌ಟೈಮ್, ಇಂಟರ್ನ್‌ಶಿಪ್, ಸಿಟಿ ಬಸ್ಸು ಟ್ರೈನು ಬೇಕು ಅನ್ನೋರಿಗೆ ಸಿಯಾಟಲ್.

ಅಪ್ಪ ಅಮ್ಮನ್ನ ಕರೆಸೋರು ಎಲ್ಲಿದ್ರೂ ಸರಿ, ಮೇ ಮೊದಲ ವಾರದಿಂದ ಅಕ್ಟೋಬರ್ ಒಳಗೆ ಕರೆಸಿ. ನವೆಂಬರ್‌ನಲ್ಲಿ ಕರೆಸಿ ಆರು ತಿಂಗಳು ಅಂತ ಇಟ್ಕೊಂಡ್ರೆ ಪಶ್ಚಿಮದಲ್ಲಿ ಕತ್ತಲೆ, ಪೂರ್ವದಲ್ಲಿ ಐಸ್ ಮೇಲೆ ಜಾರೋ ಭಯ, ಎರಡರಲ್ಲೂ ಅವರು ಮನೆ ಒಳಗೇ ಕೂತಿರ್ಬೇಕಾಗತ್ತೆ. ಬೇಸಿಗೆಲಿ ಬಂದ್ರೆ ಅಮ್ಮನಿಗೆ ಹಿತ್ತಲಲ್ಲಿ ಕೊತ್ತಂಬರಿ, ಮೆಂತ್ಯ, ಹುರುಳಿಕಾಯಿ ಬೆಳೆಸೋಕೂ ಆಗತ್ತೆ, ಬೆಳಕು ಅಷ್ಟು ಉದ್ದ ಇರೋದ್ರಿಂದ ಬೇಗ ಬರತ್ತೆ.

ಒಂದು ವಾರದ ಪ್ರವಾಸಕ್ಕೆ ಬರೋರು ಎರಡೂ ಕಡೆ ನೋಡಿ, ಒಂದೇ ಕಡೆ ಮುಗಿಸ್ಕೊಂಡು ಹೋಗ್ಬೇಡಿ. ರೇನಿಯರ್‌ನ ಪ್ಯಾರಡೈಸ್‌ನಲ್ಲಿ ಹೂವು ಅರಳೋದು ಜುಲೈ ಕೊನೆ, ಆಗಸ್ಟ್ ಶುರು. ಪಲೂಸ್ ಹಸಿರು ನೋಡೋಕೆ ಮೇ ಕೊನೆ ಜೂನ್, ಸ್ಟೆಪ್ಟೋ ಬ್ಯೂಟ್ ಗುಡ್ಡದ ಮೇಲೆ ಸೂರ್ಯ ಹುಟ್ಟೋ ಹೊತ್ತಿಗೆ ಇರಿ. ಆಪಲ್ ಕೊಯ್ಲಿಗೆ ಸೆಪ್ಟೆಂಬರ್. ಬೆಟ್ಟ ದಾಟೋಕೆ ಐ-90 ಹೆದ್ದಾರಿ ಮೇಲಿನ ಸ್ನೊಕ್ವಾಲ್ಮಿ ಪಾಸ್ ಸಾಕು, 3,022 ಅಡಿ, ಬೇಸಿಗೆಲಿ ಏನೂ ಗೊತ್ತಾಗಲ್ಲ, ಸಿಯಾಟಲ್‌ನಿಂದ ಸ್ಪೋಕ್ಯಾನ್ 280 ಮೈಲಿ, ನಾಲ್ಕೂವರೆ ಗಂಟೆ ಇಟ್ಕೊಳ್ಳಿ. ಉತ್ತರದ ನಾರ್ತ್ ಕ್ಯಾಸ್ಕೇಡ್ಸ್ ಹೈವೇ ಎಲ್ಲಕ್ಕಿಂತ ಚೆಂದ ಆದ್ರೆ ಚಳಿಗಾಲ ಪೂರ್ತಿ ಮುಚ್ಚಿರತ್ತೆ. ನವೆಂಬರ್‌ನಿಂದ ಮಾರ್ಚ್ ತನಕ ದಾಟೋರು ಕಾರಲ್ಲಿ ಟೈರಿಗೆ ಹಾಕೋ ಚೈನ್, ಕಂಬಳಿ, ನೀರು ಇಟ್ಕೊಳ್ಳಿ, ಹೊರಡೋ ಬೆಳಿಗ್ಗೆ ರಾಜ್ಯ ಸಾರಿಗೆ ಇಲಾಖೆಯ ಪಾಸ್ ಕ್ಯಾಮೆರಾ ನೋಡಿ, ಮುಚ್ಚಿದ್ರೆ ಹೋಗ್ಬೇಡಿ, 1910ರಲ್ಲಿ ಸ್ಟೀವನ್ಸ್ ಪಾಸ್ ಹತ್ರ ಹಿಮಪಾತಕ್ಕೆ ಸಿಕ್ಕ ರೈಲುಗಳಲ್ಲಿ 96 ಜನ ಸತ್ತ ಬೆಟ್ಟ ಇದು.

ಮನೆ ಕೊಳ್ಳೋಕೆ ಹೊರಟೋರಿಗೆ ಕೊನೇದಾಗಿ ಇಷ್ಟು. ಪಶ್ಚಿಮದಲ್ಲಾದ್ರೆ ಮನೆನ ಜುಲೈನಲ್ಲಿ ನೋಡಿ ಮರುಳಾಗಿ ಸಹಿ ಹಾಕ್ಬೇಡಿ, ಡಿಸೆಂಬರ್ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ದಕ್ಷಿಣಕ್ಕೆ ಕಿಟಕಿ ಇದೆಯಾ, ಮರದ ನೆರಳು ಎಷ್ಟು, ಬೇಸ್ಮೆಂಟ್‌ನಲ್ಲಿ ತೇವ ಇದೆಯಾ ನೋಡಿ, ಕೆಸರು ಪ್ರವಾಹದ ನಕ್ಷೆಲಿ ವಿಳಾಸ ಹುಡುಕಿ, ಭೂಕಂಪದ ಇನ್ಶೂರೆನ್ಸ್ ಬೇರೆ ತಗೋಬೇಕು ಅಂತ ನೆನಪಿಡಿ. ಪೂರ್ವದಲ್ಲಾದ್ರೆ ಆಗಸ್ಟ್ ಕೊನೇಲಿ ಹೋಗಿ, ಮನೆ ಸುತ್ತ ಒಣ ಹುಲ್ಲು ಎಷ್ಟು ದೂರದಲ್ಲಿದೆ, ಬೆಂಕಿ ಬಂದ್ರೆ ಹೊರಗೆ ಹೋಗೋಕೆ ಒಂದೇ ರಸ್ತೆನಾ ಎರಡಾ, ಬೋರ್‌ವೆಲ್ ನೀರಾ ಊರ ನೀರಾ, ಫರ್ನೇಸ್‌ಗೆ ಹೊಗೆ ತಡೆಯೋ ಫಿಲ್ಟರ್ ಹಾಕೋಕಾಗತ್ತಾ ಅಂತ ಕೇಳಿ, ಇನ್ಶೂರೆನ್ಸ್ ಕಂಪನಿ ಆ ವಿಳಾಸಕ್ಕೆ ಪಾಲಿಸಿ ಕೊಡತ್ತಾ ಅನ್ನೋದನ್ನ ಅಡ್ವಾನ್ಸ್ ಕೊಡೋ ಮುಂಚೆನೇ ಬರಹದಲ್ಲಿ ತಗೊಳ್ಳಿ.